ಕಾಫಿ ಕಣದ ಕಾವಲು: ಸಮುದಾಯ ಅಪರಾಧ ತಡೆ ಸಂಘಗಳು, ಹಿಂದೆ ಮತ್ತು ಮುಂದೆ

ಸಮುದಾಯ ಅಪರಾಧ ತಡೆ ಎಂದ ಕೂಡಲೇ ರಾತ್ರಿ ಗಸ್ತು, ಟಾರ್ಚು, ಸೀಟಿ ಎಂದು ಹೇಳಿ ಮುಗಿಸುವವರೇ ಹೆಚ್ಚು. ಊರವರೇ ಸೇರಿ ಕಟ್ಟಿದ ಇಂಥ ಸಂಘಗಳು ಉಳಿದದ್ದು ಗಸ್ತಿನಿಂದಲ್ಲ, ಜನ ಕೊಡುವ ಸುಳಿವಿನಿಂದ. ಕೊಡಗಿನ ಕಾಫಿ ತೋಟಗಳಿಗೂ ಇದೇ ಮಾತು.

ಇತಿಹಾಸದಲ್ಲಿ ಎರಡು ಧಾರೆಗಳಿವೆ. ನೆರೆಹೊರೆ ಕಾವಲು ಬ್ರಿಟನ್ನಿನಲ್ಲಿ 1982ರಲ್ಲಿ ಚೆಷೈರ್‌ನ ಮಾಲಿಂಗ್ಟನ್ ಹಳ್ಳಿಯಲ್ಲಿ ಆರಂಭವಾಯಿತು. ಇನ್ನೊಂದು ಕ್ರೈಂ ಸ್ಟಾಪರ್ಸ್. 1976ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಪೆಟ್ರೋಲ್ ಬಂಕ್ ಹುಡುಗನೊಬ್ಬನ ಕೊಲೆ ಪತ್ತೆಯಾಗದಿದ್ದಾಗ, ಗ್ರೆಗ್ ಮ್ಯಾಕ್‌ಅಲೀಸ್ ಎಂಬ ಪತ್ತೇದಾರರು ಘಟನೆಯನ್ನು ಟಿವಿಯಲ್ಲಿ ಮರುಚಿತ್ರಿಸಿ, ಹೆಸರು ಹೇಳದೆ ಸುಳಿವು ಕೊಟ್ಟವರಿಗೂ ಬಹುಮಾನ ಇಟ್ಟರು. 1988ರಲ್ಲಿ ಉದ್ಯಮಿ ಮೈಕೆಲ್ ಆ್ಯಶ್‌ಕ್ರಾಫ್ಟ್ ಇದನ್ನು ಬ್ರಿಟನ್ನಿನಲ್ಲಿ ದತ್ತಿ ಸಂಸ್ಥೆಯಾಗಿ ಕಟ್ಟಿದರು. ಅದು ಪೊಲೀಸ್ ಇಲಾಖೆಯ ಅಂಗವಲ್ಲ. ಕರೆ ಮಾಡಿದವರ ಹೆಸರು ಕೇಳುವುದಿಲ್ಲ. ಕಳ್ಳನ ನೆಂಟನೂ ಬಾಯಿಬಿಡುವುದು ಈ ಅಂತರ ಇರುವುದರಿಂದಲೇ.

ಕೊಡಗಿಗೆ ಮೊದಲನೆಯ ಮಾದರಿ, ಅಂದರೆ ನೆರೆಹೊರೆ ಕಾವಲು, ಹಾಗೆಯೇ ಹೊಂದುವುದಿಲ್ಲ. ಮನೆಗಳ ನಡುವೆ ತೋಟವಿದೆ, ಕಿಟಕಿಯಿಂದ ನೆರೆಮನೆ ಕಾಣುವುದಿಲ್ಲ. (ಸಿಸಿಟಿವಿ ಬಗ್ಗೆ ಉತ್ಸಾಹ ಇರುವವರು ಮಳೆಗಾಲದಲ್ಲಿ ಕರೆಂಟು ಇರುವ ದಿನಗಳನ್ನು ಎಣಿಸಿ ನೋಡಲಿ.) ಇಲ್ಲಿ ಕಳ್ಳತನಕ್ಕೂ ಕಾಲವಿದೆ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ, ಅದರ ಹಿಂದೆಯೇ ಕರಿಮೆಣಸು. ಕಾಫಿ ಎರಡು ಮೂರು ವಾರ ಬಯಲು ಕಣದಲ್ಲೇ ಒಣಗಬೇಕು. 2024ರಲ್ಲಿ 50 ಕೆಜಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಚೀಲದ ಬೆಲೆ 10,000 ರೂಪಾಯಿ ದಾಟಿದ ಮೇಲೆ ಒಂದು ಪಿಕಪ್ ಲೋಡು ಎಂದರೆ ಸಣ್ಣ ಮೊತ್ತವಲ್ಲ.

ಕದ್ದ ಕಾಫಿ ಸಿಕ್ಕರೂ ಪ್ರಕರಣ ಬಿದ್ದುಹೋಗಬಹುದು. ಬೀಜದ ಮೇಲೆ ಯಜಮಾನನ ಹೆಸರಿರುವುದಿಲ್ಲ, ಚೀಲದ ಗುರುತು ಚೀಲ ಬದಲಾದರೆ ಹೋಯಿತು. ಆದ್ದರಿಂದ ದಿನದ ತೂಕ, ಚೀಲಗಳ ಸಂಖ್ಯೆ, ಕಣದ ಫೋಟೊ ಮೂರನ್ನೂ ತೋಟದ ಲೆಕ್ಕ ಬರೆಯುವ ರೈಟರ್ ಅಂದೇ ಪುಸ್ತಕಕ್ಕೆ ಏರಿಸಬೇಕು. ಕಳ್ಳ ಎಲ್ಲಿಂದ ಬರುತ್ತಾನೋ ಗೊತ್ತಿಲ್ಲ, ಹೋಗುವುದಂತೂ ಖರೀದಿದಾರನ ಬಳಿಗೇ. ಹಾಗಾಗಿ ಸಂಘ ಮೊದಲು ಮಾತಾಡಬೇಕಾದದ್ದು ಸ್ಥಳೀಯ ವ್ಯಾಪಾರಿಗಳ ಜೊತೆ: ಮಾರುವವನ ಹೆಸರು, ವಾಹನ ಸಂಖ್ಯೆ, ತೂಕ, ಬಂದ ಹೊತ್ತು ಬರೆದಿಡುವುದು, ಕತ್ತಲಾದ ಮೇಲೆ ಬಂದ ಹಸಿ ಕರಿಮೆಣಸನ್ನು ಕೊಳ್ಳದಿರುವುದು. ಕಳವಾದರೆ ಯಾವುದೇ ಠಾಣೆಯಲ್ಲಿ, ವ್ಯಾಪ್ತಿ ನೋಡದೆ ದಾಖಲಿಸುವ ಝೀರೋ ಎಫ್‌ಐಆರ್ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ಸಂಘ ಎಡವುವುದು ಕಳ್ಳನನ್ನು ತಾನೇ ಹಿಡಿಯಲು ಹೋದಾಗ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲು ಬಂದ ಕಾನೂನು) 40ನೇ ಕಲಮಿನಂತೆ ಸಾಮಾನ್ಯ ವ್ಯಕ್ತಿ ಬಂಧಿಸಬಹುದಾದದ್ದು ಕಣ್ಣೆದುರೇ ನಡೆದ, ಜಾಮೀನಿಲ್ಲದ, ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧಕ್ಕೆ ಅಥವಾ ಘೋಷಿತ ಅಪರಾಧಿಯನ್ನು ಮಾತ್ರ. 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಕೊಡವರಿಗೆ ಇರುವಂತೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದ್ದರೆ ಅದು ಇಟ್ಟುಕೊಳ್ಳಲು, ಕಳ್ಳನ ಕಡೆ ತಿರುಗಿಸಲು ಅಲ್ಲ. ಭಾಷೆ, ಹುಟ್ಟೂರಿನ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪು ಕೊಲೆಗೆ ಇರುವ 103(2) ಕಲಮು ಪ್ರತಿಯೊಬ್ಬರಿಗೂ ಅನ್ವಯ.

ಅಸ್ಸಾಮಿನಿಂದ ಬಂದ ಕಾರ್ಮಿಕರ ಆಧಾರ್ ಪ್ರತಿಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ನಮ್ಮ ಲೆಕ್ಕದಲ್ಲಿ ಅತ್ಯಂತ ದಡ್ಡ ಕೆಲಸ. ಕಣದ ಬಳಿ ಅಪರಿಚಿತ ಜೀಪು ನಿಂತರೆ ಮೊದಲು ನೋಡುವುದು ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಈ ಕಾರ್ಮಿಕರು. ಅವರನ್ನೇ ಶಂಕಿತರ ಪಟ್ಟಿಗೆ ಸೇರಿಸಿದರೆ ಸುಳಿವು ಅಲ್ಲಿಗೇ ನಿಂತಿತು. ಅವರ ಭಾಷೆ ಬಲ್ಲ ಒಬ್ಬರು ಫೋನ್ ಎತ್ತುವಂತಿರಬೇಕು. ಕೇಳಿದ್ದನ್ನು ಹೆಸರಿಲ್ಲದೆ ಬೀಟ್ ಪೊಲೀಸರಿಗೆ ದಾಟಿಸಬೇಕು.

ನೋಂದಣಿ ಸುಲಭ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ 7 ಸದಸ್ಯರು ಸಾಕು. ವರ್ಷದ ಸಭೆ, ಲೆಕ್ಕಪತ್ರ ತಪ್ಪಿದಾಗಲೇ ಸಂಘ ಸೊರಗುತ್ತದೆ, ಅದೂ ಕೊಯ್ಲು ಮುಗಿದ ಮೇಲೆ ಯಾರೂ ಸೇರದ ಮಳೆಗಾಲದಲ್ಲಿ.

ಆ ತಿಂಗಳುಗಳಿಗೂ ಕೆಲಸವಿದೆ. ಮಕ್ಕಳು ಬೆಂಗಳೂರಿನಲ್ಲಿ, ಹಿರಿಯರು ಮಾತ್ರ ಮನೆಯಲ್ಲಿ ಇರುವ ಕಡೆ ಈಗ ಫೋನಿನಲ್ಲೇ ಕಳ್ಳತನ ನಡೆಯುತ್ತದೆ. ಸಂಘದವರು ಮನೆಮನೆಗೆ ಹೋಗಿ ಸೈಬರ್ ವಂಚನೆ ಸಹಾಯವಾಣಿ 1930 ಸಂಖ್ಯೆಯನ್ನು ಫೋನಿನ ಪಕ್ಕದಲ್ಲೇ ಅಂಟಿಸಬೇಕು. ಹಣ ಹೋದ ತಕ್ಷಣ ಕರೆ ಮಾಡಿದರೆ, ಅದು ಮುಂದಿನ ಖಾತೆಗೆ ದಾಟುವ ಮುನ್ನ ತಡೆಯುವ ಅವಕಾಶ ಹೆಚ್ಚು. ಕರೆಯಲ್ಲಿ ಬೇಕಾಗುವುದು: ಬ್ಯಾಂಕಿನ ಹೆಸರು, ಮೊತ್ತ, ಸಮಯ, ವಹಿವಾಟಿನ ಸಂಖ್ಯೆ.