ಅಲಿನಾ, ಮಾರ್ಸಿಯಾನೋನಾ? ಒಂದೇ ನಂಬರಲ್ಲಿ ಸಿಗದ ಉತ್ತರ

1970ರ ಜನವರಿ 20ನೇ ತಾರೀಖು ಅಮೆರಿಕದ ಥಿಯೇಟರ್‌ಗಳಲ್ಲಿ ಹೆವಿವೇಟ್ ಬಾಕ್ಸರ್‌ಗಳಾದ ರಾಕಿ ಮಾರ್ಸಿಯಾನೋಗೂ ಮೊಹಮ್ಮದ್ ಅಲಿಗೂ ಪಂದ್ಯ ತೋರಿಸಿದ್ರು, 13ನೇ ರೌಂಡಲ್ಲಿ ಮಾರ್ಸಿಯಾನೋ ನಾಕೌಟ್ ಮಾಡಿ ಗೆದ್ದ. ಆದ್ರೆ ಆ ಪಂದ್ಯ ನಡೆದೇ ಇರ್ಲಿಲ್ಲ. 49 ಆಡಿ 49ನ್ನೂ ಗೆದ್ದು 1956ರಲ್ಲೇ ರಿಟೈರ್ ಆಗಿದ್ದ ಮಾರ್ಸಿಯಾನೋ, ವಿಯೆಟ್ನಾಂ ಯುದ್ಧಕ್ಕೆ ಸೇರಲ್ಲ ಅಂದಿದ್ದಕ್ಕೆ ಲೈಸೆನ್ಸ್ ಕಳ್ಕೊಂಡು ರಿಂಗಿಂದ ಹೊರಗಿದ್ದ ಅಲಿ, ಇಬ್ಬರನ್ನೂ 1969ರಲ್ಲಿ ಮಯಾಮಿಗೆ ಕರೆಸಿ ಒಂದೊಂದು ನಿಮಿಷದ ರೌಂಡ್‌ಗಳನ್ನ ಶೂಟ್ ಮಾಡಿ, ಎನ್‌ಸಿಆರ್ 315 ಅನ್ನೋ ಕಂಪ್ಯೂಟರ್ ಕೊಟ್ಟ ಫಲಿತಾಂಶ ಅಂತ ಹೇಳಿ ಅದಕ್ಕೆ ತಕ್ಕಂಗೆ ಜೋಡಿಸಿದ್ದು ಮರ್ರೇ ವೊರೋನರ್ ಅನ್ನೋ ರೇಡಿಯೋ ನಿರ್ಮಾಪಕ. ಮಾರ್ಸಿಯಾನೋ ಈ ಶೂಟಿಂಗಿಗೋಸ್ಕರ ಸುಮಾರು 50 ಪೌಂಡ್ ಇಳಿಸಿದ್ದ, ಪಾಪ, ಸಿನಿಮಾ ಬರೋ ಮುಂಚೆನೇ ಆಗಸ್ಟ್ 31ಕ್ಕೆ ವಿಮಾನ ಅಪಘಾತದಲ್ಲಿ ತೀರ್ಕೊಂಡ. ಯುರೋಪಲ್ಲಿ ಅಲಿ ಗೆಲ್ಲೋ ಇನ್ನೊಂದು ವರ್ಷನ್ನೂ ತೋರಿಸಿದ್ರು.

ಎರಡು ವರ್ಷನ್ ಇತ್ತು ಅಂದ ತಕ್ಷಣ ಮೋಸ ಅಂತ ತಳ್ಳಿಹಾಕೋರು ಜಾಸ್ತಿ, ನನಗೆ ಮಾತ್ರ ಅದರಲ್ಲಿ ಒಂದು ಸತ್ಯ ಕಾಣುತ್ತೆ. ಇಂಥ ಸಿಮ್ಯುಲೇಷನ್ ಒಳಗೆ ನಡೆಯೋದು ಸಂಭವನೀಯತೆ ಲೆಕ್ಕ. ಇವನ ಬಲಗೈ ತಾಗೋ ಚಾನ್ಸ್ ಇಷ್ಟು, ತಾಗಿದ್ರೆ ಅವನು ಬೀಳೋ ಚಾನ್ಸ್ ಇಷ್ಟು, ಹಿಂಗೆ ಒಂದೊಂದಕ್ಕೂ ರ‍್ಯಾಂಡಮ್ ಸಂಖ್ಯೆ ತಗೊಂಡು ಕಂಪ್ಯೂಟರ್ ಪಂದ್ಯ ಆಡಿಸುತ್ತೆ. ಒಂದ್ಸಲ ಓಡಿಸಿದ್ರೆ ಬರೋದು ಒಂದು ಸಾಧ್ಯತೆ ಅಷ್ಟೇ, ಸಾವಿರ ಸಲ ಓಡಿಸಿದ್ರೆ ಆಗ ಇವನು ನೂರಕ್ಕೆ ಎಷ್ಟು ಸಲ ಗೆಲ್ತಾನೆ ಅನ್ನೋ ಚಿತ್ರ ಸಿಗುತ್ತೆ. ಅದೂ ಒಳಗೆ ಹಾಕಿದ ಅಂಕಿ ಸರಿ ಇದ್ರೆ ಮಾತ್ರ, ಮತ್ತೆ ಆಗಿನ ಕಾಲದಲ್ಲಿ ಆ ಅಂಕಿಗಳು ಬಂದಿದ್ದು ಬಹುಪಾಲು ಬಾಕ್ಸಿಂಗ್ ಬಲ್ಲವರ ಅಭಿಪ್ರಾಯದಿಂದ.

"ಯಾರು ಗೆಲ್ತಿದ್ರು" ಅಂತ ಕೇಳೋ ಮುಂಚೆ ಎಷ್ಟು ರೌಂಡ್ ಅಂತ ಕೇಳ್ಬೇಕು, ಇದನ್ನ ಬಹಳ ಜನ ಮರೀತಾರೆ. ಒಬ್ಬ ಬಾಕ್ಸರ್ ಪಾಯಿಂಟಲ್ಲಿ ಹಿಂದೆ ಇದಾನೆ ಆದ್ರೆ ಪ್ರತಿ ರೌಂಡಲ್ಲೂ ನಾಕೌಟ್ ಮಾಡೋ ಚಾನ್ಸ್ ನೂರಕ್ಕೆ 5 ಇದೆ ಅಂತ ಇಟ್ಕೊಳ್ಳಿ. 12 ರೌಂಡ್ ಮುಗಿಯೋದ್ರೊಳಗೆ ಅವನು ಎದುರಾಳಿಯನ್ನ ಬೀಳಿಸೋ ಸಾಧ್ಯತೆ ಸುಮಾರು ಶೇ. 46, ಅದೇ 15 ರೌಂಡ್ ಆದ್ರೆ ಶೇ. 54. ಅದೇ ಗುದ್ದು, ಅದೇ ಎದುರಾಳಿ, ಮೂರು ರೌಂಡ್ ಜಾಸ್ತಿ ಕೊಟ್ಟಿದ್ದಕ್ಕೆ ಸೋಲೋ ಕುದುರೆ ಗೆಲ್ಲೋ ಕುದುರೆ ಆಯ್ತು. ಇದು ಬರೀ ಕಾಗದದ ಲೆಕ್ಕ ಅಲ್ಲ, 1952ರ ಸೆಪ್ಟೆಂಬರ್ 23ಕ್ಕೆ ಫಿಲಡೆಲ್ಫಿಯಾದಲ್ಲಿ ಆಗಿನ ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್ ಎದುರು ಮಾರ್ಸಿಯಾನೋ ಸ್ಕೋರ್‌ಕಾರ್ಡಲ್ಲಿ ಹಿಂದೆ ಬಿದ್ದಿದ್ದ, 13ನೇ ರೌಂಡಲ್ಲಿ ಒಂದೇ ಒಂದು ಬಲಗೈ ಹೊಡೆತ, ಚಾಂಪಿಯನ್ ಆದ. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ರಿಂಗಲ್ಲಿ ಬಿದ್ದ ಏಟಿಂದ ಸತ್ತ ಮೇಲೆ ಚಾಂಪಿಯನ್‌ಶಿಪ್ ಪಂದ್ಯಗಳು ನಿಧಾನಕ್ಕೆ 15ರಿಂದ 12 ರೌಂಡಿಗೆ ಇಳಿದವು. ಆ ರೂಲ್ 1952ರಲ್ಲೇ ಇದ್ದಿದ್ರೆ ಅವತ್ತು ಬೆಲ್ಟ್ ವಾಲ್ಕಾಟ್ ಹತ್ರನೇ ಉಳೀತಿತ್ತು, 49-0 ಅನ್ನೋ ದಾಖಲೆನೂ ಇರ್ತಿರ್ಲಿಲ್ಲ.

ಇನ್ನು ಈ ಚರ್ಚೆಗಳಲ್ಲಿ ಎಲ್ರೂ ಬೀಳೋ ಹಳ್ಳ ಒಂದಿದೆ, ಅವನು ಇವನನ್ನ ಸೋಲಿಸಿದ, ಇವನು ಮತ್ತೊಬ್ಬನನ್ನ ಸೋಲಿಸಿದ, ಹಾಗಾಗಿ ಅವನು ಮತ್ತೊಬ್ಬನನ್ನೂ ಸೋಲಿಸ್ತಾನೆ ಅನ್ನೋದು. ಚೆಸ್ ಆಟಗಾರರಿಗೆ ಕೊಡೋ ಈಲೋ ರೇಟಿಂಗ್ ನಿಂತಿರೋದೇ ಈ ನಂಬಿಕೆ ಮೇಲೆ, ಪ್ರತಿಯೊಬ್ಬನಿಗೂ ಒಂದು ನಂಬರ್, ಯಾರ ನಂಬರ್ ದೊಡ್ಡದೋ ಅವನೇ ಫೇವರಿಟ್, ಅದರಲ್ಲಿ 200 ಪಾಯಿಂಟ್ ವ್ಯತ್ಯಾಸ ಅಂದ್ರೆ ಬಲಶಾಲಿಗೆ ಸುಮಾರು ಶೇ. 76 ಅಂಕ ಸಿಗೋ ನಿರೀಕ್ಷೆ. ಈಗ 70ರ ದಶಕದ ಹೆವಿವೇಟ್‌ಗಳಿಗೆ ಇದನ್ನ ಹಚ್ಚಿ ನೋಡಿ. 1971ರ ಮಾರ್ಚಲ್ಲಿ ನ್ಯೂಯಾರ್ಕಲ್ಲಿ ಜೋ ಫ್ರೇಜಿಯರ್ ಅಲಿಯನ್ನ ಸೋಲಿಸಿದ. 1973ರ ಜನವರಿಯಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರನ್ನ ಎರಡೇ ರೌಂಡಲ್ಲಿ ಆರು ಸಲ ಕೆಡವಿದ. ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ, ಆ ನಾರ್ಟನ್ ಕೂಡ ಫೋರ್‌ಮನ್ ಕೈಲಿ ಎರಡನೇ ರೌಂಡಿಗೇ ಮುಗಿದ. ಈ ಲೆಕ್ಕದ ಪ್ರಕಾರ 1974ರ ಅಕ್ಟೋಬರ್ 30ಕ್ಕೆ ಕಿನ್ಶಾಸಾದಲ್ಲಿ ಅಲಿ ನುಚ್ಚುನೂರಾಗ್ಬೇಕಿತ್ತು, ಆದ್ರೆ ಎಂಟನೇ ರೌಂಡಲ್ಲಿ ನೆಲಕ್ಕೆ ಬಿದ್ದಿದ್ದು ಫೋರ್‌ಮನ್!

ಫ್ರೇಜಿಯರ್ ಅಲಿಯನ್ನ, ಫೋರ್‌ಮನ್ ಫ್ರೇಜಿಯರನ್ನ, ಅಲಿ ಫೋರ್‌ಮನ್‌ನನ್ನ ಸೋಲಿಸಿದ್ರು, ಇದೊಂದು ಚಕ್ರ. ಮೂರು ನಂಬರ್ ತಗೊಂಡು ನೀವು ಇಂಥ ಚಕ್ರ ಕಟ್ಟೋಕಾಗಲ್ಲ, ದೊಡ್ಡದು ದೊಡ್ಡದೇ, ಚಿಕ್ಕದು ಚಿಕ್ಕದೇ. ಆದ್ರೆ ಕಲ್ಲು ಕಾಗದ ಕತ್ತರಿ ಆಟದಲ್ಲಿ ಚಕ್ರ ಇದೆ, ಪ್ರಕೃತಿಯಲ್ಲೂ ಇದೆ. ಕ್ಯಾಲಿಫೋರ್ನಿಯಾದ ಒಂದು ಜಾತಿ ಹಲ್ಲಿಯಲ್ಲಿ ಗಂಡುಗಳ ಕತ್ತು ಮೂರು ಬಣ್ಣದ್ದು: ಕಿತ್ತಳೆ ಕತ್ತಿನವು ಜಗಳಗಂಟಿ, ನೀಲಿಯವನ್ನ ಓಡಿಸಿ ದೊಡ್ಡ ಜಾಗ ಹಿಡೀತಾವೆ, ಆ ದೊಡ್ಡ ಜಾಗ ಕಾಯೋಕಾಗದೆ ಇರುವಾಗ ಹೆಣ್ಣಿನ ಥರ ಕಾಣೋ ಹಳದಿಯವು ಒಳಗೆ ನುಸುಳ್ತಾವೆ, ಆದ್ರೆ ತನ್ನ ಹೆಣ್ಣನ್ನ ಹತ್ರನೇ ಕಾಯೋ ನೀಲಿಯ ಮುಂದೆ ಹಳದಿಯ ಆಟ ನಡೆಯಲ್ಲ. 1996ರಲ್ಲಿ ಸಿನೆರ್ವೋ ಮತ್ತೆ ಲೈವ್ಲಿ ಅನ್ನೋ ಇಬ್ಬರು ವಿಜ್ಞಾನಿಗಳು ಇದನ್ನ ಪ್ರಕಟಿಸಿದ್ರು. ಅಲ್ಲಿ ಯಾವುದು ಬೆಸ್ಟ್ ಅನ್ನೋ ಪ್ರಶ್ನೆಗೇ ಅರ್ಥ ಇಲ್ಲ, ಯಾರ ಎದುರಿಗೆ ಅಂತ ಹೇಳ್ಬೇಕು.

ರಿಂಗಲ್ಲೂ ಕಾರಣ ಹಿಂಗೇ ಮೈಯಲ್ಲೇ ಇದೆ. ಫ್ರೇಜಿಯರ್ ಬಗ್ಗಿಕೊಂಡು, ತಲೆ ಆಡಿಸ್ತಾ ಎದುರಾಳಿಯ ಎದೆ ಹತ್ರ ನುಗ್ಗೋನು, ಉದ್ದ ಕೈಯಿಂದ ದೂರ ನಿಂತು ಹೊಡೆಯೋ ಅಲಿಗೆ ಅದು ಸಂಕಟ, ಆದ್ರೆ ಕೆಳಗಿಂದ ಅಪ್ಪರ್‌ಕಟ್ ಎತ್ತೋ ಫೋರ್‌ಮನ್ ಮುಂದೆ ಹಂಗೆ ಬಗ್ಗಿ ಬಂದ್ರೆ ತಲೆ ತಾನಾಗೇ ಗುದ್ದಿನ ದಾರಿಗೆ ಬರುತ್ತೆ. ಕಿನ್ಶಾಸಾದಲ್ಲಿ ಅಲಿ ರಿಂಗಿನ ಹಗ್ಗಕ್ಕೆ ಒರಗಿ ಹಿಂದಕ್ಕೆ ಬಾಗಿದ, ಫೋರ್‌ಮನ್ ಗುದ್ದಿ ಗುದ್ದಿ ಸುಸ್ತಾದ. ಅಷ್ಟು ಗುದ್ದು ತಡೆದುಕೊಳ್ಳೋದು ಸಣ್ಣ ಮಾತಲ್ಲ, 1985ರಲ್ಲಿ ಬ್ರಿಟನ್ನಲ್ಲಿ ಹೆವಿವೇಟ್ ಫ್ರಾಂಕ್ ಬ್ರೂನೋನ ಹೊಡೆತ ಅಳೆದಾಗ ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಬಲ 4,096 ನ್ಯೂಟನ್ ಬಂತು, ಅಂದ್ರೆ ನಾನೂರು ಕೆಜಿಗೂ ಮೀರಿದ ಭಾರ ಒಂದು ಕ್ಷಣಕ್ಕೆ ಒತ್ತಿದಷ್ಟು. ಆ ವೇಗದಲ್ಲಿ ಅರ್ಧ ಮೀಟರ್ ದಾಟೋಕೆ ಸೆಕೆಂಡಿನ ಹದಿನೆಂಟನೇ ಒಂದು ಭಾಗ ಸಾಕು. ಮನುಷ್ಯ ಕಣ್ಣಲ್ಲಿ ನೋಡಿ ಪ್ರತಿಕ್ರಿಯೆ ಕೊಡೋಕೆ ಐದನೇ ಒಂದು ಭಾಗದಷ್ಟು ಬೇಕು, ಅದಕ್ಕೇ ಒಳ್ಳೆ ಬಾಕ್ಸರ್ ಗುದ್ದನ್ನ ನೋಡಿ ತಪ್ಪಿಸ್ಕೊಳ್ಳೋದಿಲ್ಲ, ಎದುರಾಳಿಯ ಭುಜ, ಪಾದ ನೋಡಿ ಮೊದಲೇ ಊಹಿಸ್ತಾನೆ. ಪರಿಚಯ ಇಲ್ಲದ ಶೈಲಿ ಮುಂದೆ ಆ ಊಹೆ ಕೆಡುತ್ತೆ, ನಾರ್ಟನ್ನನ ವಿಚಿತ್ರ ಲಯ ಅಲಿಗೆ 39 ರೌಂಡ್ ಆಡಿದ್ರೂ ಪೂರ್ತಿ ಹಿಡಿತಕ್ಕೆ ಸಿಗ್ಲಿಲ್ಲ.

ಹಾಗಾಗಿ ನನ್ನ ಪ್ರಕಾರ ಅಲಿ-ಮಾರ್ಸಿಯಾನೋ ಪ್ರಶ್ನೆಗೆ ಹತ್ತಿರದ ಸಾಕ್ಷಿ ಆ ಕಂಪ್ಯೂಟರ್ ಅಲ್ಲ, ಫ್ರೇಜಿಯರ್. ಮಾರ್ಸಿಯಾನೋ, ಫ್ರೇಜಿಯರ್ ಇಬ್ಬರದೂ ಬಗ್ಗಿ ನುಗ್ಗೋ ಶೈಲಿ. ಆದ್ರೆ 1971ರಲ್ಲಿ ಫ್ರೇಜಿಯರ್ ತೂಕ 205 ಪೌಂಡ್, ಮಾರ್ಸಿಯಾನೋ ಸುಮಾರು 185, ಅಲಿಗಿಂತ ಕೈ ಹತ್ತು ಇಂಚಿನಷ್ಟು ಗಿಡ್ಡ, ಮೇಲಾಗಿ ಬೇಗ ಚರ್ಮ ಕತ್ತರಿಸಿ ರಕ್ತ ಬರೋ ಮುಖ. 1966 ಅಂದ್ರೆ ಅಲಿಯ ಕಾಲು ಇನ್ನೂ ಕುಣೀತಿದ್ದ ಕಾಲ, 15 ರೌಂಡ್ ಇಟ್ಟರೂ ಹತ್ತರಲ್ಲಿ ಏಳೆಂಟು ಸಲ ಅಲಿನೇ ಗೆಲ್ತಾನೆ ಅಂತ ನಾನು ಹೇಳ್ತೀನಿ, ಉಳಿದ ಎರಡು ಮೂರು ಸಲ ವಾಲ್ಕಾಟ್‌ಗೆ ಆದದ್ದೇ ಅಲಿಗೂ ಆಗುತ್ತೆ. ಆದ್ರೆ 1973ರ ಫೋರ್‌ಮನ್ ಎದುರು ಮಾರ್ಸಿಯಾನೋನ ನಿಲ್ಲಿಸಿದ್ರೆ ನನಗೆ ಭಯ ಆಗುತ್ತೆ, 205 ಪೌಂಡಿನ ಮೇಲಿದ್ದ ಫ್ರೇಜಿಯರ್‌ಗೇ ಎರಡು ರೌಂಡ್ ಸಾಕಾಗಿತ್ತು, ಅದೇ ದಾರಿಯಲ್ಲಿ ಅವನಿಗಿಂತ ಚಿಕ್ಕ ಮೈ ಇಟ್ಕೊಂಡು ನುಗ್ಗೋ ಮಾರ್ಸಿಯಾನೋ ನಾಲ್ಕನೇ ರೌಂಡ್ ನೋಡೋದು ಕಷ್ಟ.