ವಿಷಯದ ಸಾಲಿನಲ್ಲಿ ವಿಷಯವೇ ಇರಲಿ

ಹೈಸ್ಕೂಲಿನಲ್ಲಿ ಪತ್ರಲೇಖನ ಬರೆದವರಿಗೆಲ್ಲ ನೆನಪಿರುತ್ತದೆ. ಇಂದ, ಗೆ, ಮಾನ್ಯರೇ, ಆಮೇಲೆ ‘ವಿಷಯ’. ಮೂರು ದಿನದ ರಜೆ ಕೋರಿ. ಬೀದಿ ದೀಪ ದುರಸ್ತಿ ಮಾಡಿಸುವ ಬಗ್ಗೆ. ಆ ಸಾಲು ಬಿಟ್ಟರೆ ಮೇಷ್ಟ್ರು ಅಂಕ ಕತ್ತರಿಸುತ್ತಿದ್ದರು. ಅದು ಯಾಕೆ ಬೇಕು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ನನಗೆ ಅದು ಗೊತ್ತಾಗಿದ್ದು ಅಪ್ಪನ ಆಫೀಸಿನಲ್ಲಿ. ಅವರು ತಾಲ್ಲೂಕು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಬಂದ ಪತ್ರಗಳ ರಾಶಿಯನ್ನು ಎದುರಿಗಿಟ್ಟುಕೊಂಡು ಒಂದೊಂದರ ವಿಷಯದ ಸಾಲನ್ನಷ್ಟೇ ಓದುತ್ತಿದ್ದರು. ಇನ್‌ವರ್ಡ್ ಪುಸ್ತಕದಲ್ಲಿ ನಂಬರ್ ಹಾಕಿ, ಯಾವ ಕೇಸ್ ವರ್ಕರ್ ಮೇಜಿಗೆ ಹೋಗಬೇಕೋ ಆ ಕಟ್ಟಿಗೆ ಸೇರಿಸುತ್ತಿದ್ದರು. ಪಹಣಿ ತಿದ್ದುಪಡಿ ಇತ್ತ, ಪಿಂಚಣಿ ಅತ್ತ. ವಿಷಯವನ್ನೇ ಬರೆಯದೆ ನಾಲ್ಕು ಪುಟ ಕಷ್ಟ ತೋಡಿಕೊಂಡವರ ಪತ್ರ ರಾಶಿಯ ಅಡಿಗೆ ಹೋಗುತ್ತಿತ್ತು. ಅಪ್ಪನಿಗೆ ಅವರ ಮೇಲೆ ಕೋಪವೇನಿಲ್ಲ. ಯಾರ ಮೇಜಿಗೆ ಕಳಿಸಬೇಕು ಅಂತ ಗೊತ್ತಾಗುತ್ತಿರಲಿಲ್ಲ, ಅಷ್ಟೆ.

ಈಗ ನನ್ನ ಹೊಟ್ಟೆಪಾಡು ಅದೇ ಸಾಲಿನ ಮೇಲೆ ನಡೆಯುತ್ತಿದೆ. ಪೀಣ್ಯದ, ಬೆಳಗಾವಿಯ ಉದ್ಯಮಬಾಗದ ಸಣ್ಣ ಕಾರ್ಖಾನೆಗಳವರಿಗೆ ಮೇಲ್ ಬರೆದುಕೊಡುತ್ತೇನೆ. ಗುರುತು ಪರಿಚಯ ಇಲ್ಲದ ಪರ್ಚೇಸ್ ಮ್ಯಾನೇಜರ್‌ಗೆ ‘ನಾವು ಇಂಥದ್ದು ಮಾಡುತ್ತೇವೆ, ನಿಮಗೆ ಬೇಕಾ’ ಅಂತ ಕೇಳುವ ಮೇಲ್. ಇದಕ್ಕೆ ಕೋಲ್ಡ್ ಮೇಲ್ ಅನ್ನುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಸಬ್ಜೆಕ್ಟ್ ಏನು ಹಾಕಿದರೆ ಓಪನ್ ಮಾಡುತ್ತಾರೆ?’ ಪ್ರಶ್ನೆಯಲ್ಲೇ ಎಡವಟ್ಟಿದೆ. ಎದುರಿಗಿರುವವರು ಮೇಲ್ ಬಿಚ್ಚುವುದಕ್ಕೆ ಕೂತಿಲ್ಲ, ವಿಂಗಡಿಸುವುದಕ್ಕೆ ಕೂತಿದ್ದಾರೆ. ಅಪ್ಪನ ಹಾಗೆ.

ಇದು ನನಗೂ ಮೊದಲೇ ಗೊತ್ತಿತ್ತು ಅಂತ ಅಂದುಕೊಳ್ಳಬೇಡಿ. ಈ ಕೆಲಸಕ್ಕಿಳಿದ ಹೊಸತರಲ್ಲಿ ಒಂದು ಚಾಲಾಕಿ ಮಾಡಿದ್ದೆ. ಮೊದಲ ಸಲ ಬರೆಯುವ ಮೇಲ್‌ಗೇ ಸಬ್ಜೆಕ್ಟಿನ ಮುಂದೆ ‘ರೀ:’ ಸೇರಿಸಿ ಕಳಿಸಿದ್ದೆ. ಮರ್ಯಾದೆಯ ರೀ ಅಲ್ಲ, ಉತ್ತರ ಕೊಡುವಾಗ ತಾನಾಗಿ ಬರುತ್ತದಲ್ಲ, ಆ ರೀ. ಹಿಂದೆ ಮಾತು ನಡೆದಿದೆ ಅಂತ ಎದುರಿನವರಿಗೆ ಅನಿಸಲಿ ಅನ್ನುವುದು ಉಪಾಯ. ಬಿಚ್ಚಿದವರು ಜಾಸ್ತಿಯೇ ಇದ್ದರು. ಎರಡನೇ ದಿನ ಒಬ್ಬರು ಉತ್ತರ ಬರೆದರು. ನಿಮ್ಮ ಹಳೆಯ ಮೇಲ್‌ಗಾಗಿ ಅರ್ಧ ಗಂಟೆ ಹುಡುಕಿದೆ, ನಮ್ಮ ಹುಡುಗನನ್ನೂ ಬೈದೆ, ಆಮೇಲೆ ಗೊತ್ತಾಯಿತು ಹಳೆಯದೇ ಇಲ್ಲ ಅಂತ. ಬೈಗುಳ ಒಂದೂ ಇರಲಿಲ್ಲ. ಆ ಕಂಪನಿಗೆ ನನ್ನ ಗಿರಾಕಿ ಇನ್ಯಾವತ್ತೂ ಬರೆಯುವ ಹಾಗಿರಲಿಲ್ಲ. ಗಿರಾಕಿ ಅಂತೂ ನನಗೆ ಇನ್ನೊಂದು ಕೆಲಸ ಕೊಡಲಿಲ್ಲ.

ಸರ್ಕಾರಿ ಪತ್ರದಲ್ಲಿ ವಿಷಯದ ಕೆಳಗೆ ‘ಉಲ್ಲೇಖ’ ಅಂತ ಇನ್ನೊಂದು ಸಾಲಿರುತ್ತದೆ. ಹಿಂದಿನ ಪತ್ರದ ನಂಬರ್, ತಾರೀಖು. ಇಲ್ಲದ ಪತ್ರದ ನಂಬರ್ ಹಾಕಿ ಯಾರಾದರೂ ಅರ್ಜಿ ಕೊಡುತ್ತಾರಾ? ನಾನು ಮಾಡಿದ್ದು ಅದನ್ನೇ. ಒಂದು ತಮಾಷೆ ಅಂದರೆ, ಇಮೇಲ್ ಮಾನದಂಡದ ಪ್ರಕಾರ ‘ರೀ’ ಬಂದಿರುವುದು ಲ್ಯಾಟಿನ್ನಿನ ‘ಇನ್ ರೆ’ಯಿಂದ. ಅದರ ಅರ್ಥ ‘ಈ ವಿಷಯವಾಗಿ’. ಹುಟ್ಟಿನಲ್ಲಿ ಅದೂ ನಮ್ಮ ‘ವಿಷಯ’ವೇ. ಆದರೆ ಇವತ್ತು ಎಲ್ಲರೂ ಅದನ್ನು ಓದುವುದು ‘ಉತ್ತರ’ ಅಂತ. ಓದುವವರ ಅರ್ಥವೇ ಲೆಕ್ಕಕ್ಕೆ.

ಇನ್ನು ‘ಬಿಚ್ಚಿದವರು ಜಾಸ್ತಿ’ ಅಂದೆನಲ್ಲ, ಆ ಲೆಕ್ಕದ ಕಥೆಯನ್ನೂ ಕೇಳಿ. ಮೇಲ್ ಬಿಚ್ಚಿದ್ದು ಗೊತ್ತಾಗುವುದು ಅದರೊಳಗೆ ಅಡಗಿಸಿಟ್ಟ ಒಂದು ಚುಕ್ಕಿಯಷ್ಟು ಚಿತ್ರದಿಂದ. ಚಿತ್ರ ಲೋಡ್ ಆದರೆ ಬಿಚ್ಚಿದರು ಅಂತ ಲೆಕ್ಕ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ಒಂದು ಸೌಲಭ್ಯ ತಂದಿತು. ಅದನ್ನು ಆನ್ ಮಾಡಿಕೊಂಡವರ ಮೇಲ್‌ಗಳ ಚಿತ್ರಗಳನ್ನು, ಅವರು ಓದಲಿ ಬಿಡಲಿ, ಆಪಲ್ಲೇ ಮೊದಲು ಲೋಡ್ ಮಾಡಿಕೊಳ್ಳುತ್ತದೆ. ಯಾರೂ ಮುಟ್ಟದ ಮೇಲ್ ಕೂಡ ಬಿಚ್ಚಿದ ಲೆಕ್ಕಕ್ಕೆ ಸೇರುತ್ತದೆ. ಇಷ್ಟಾದರೂ ‘ಓಪನ್ ರೇಟ್ ಇಷ್ಟು ಬಂತು’ ಅಂತ ಕುಣಿಯುವವರಿದ್ದಾರೆ. ನಾನು ಎಣಿಸುವುದು ಉತ್ತರಗಳನ್ನು ಮಾತ್ರ. ‘ಬೇಡ’ ಅಂತ ಬಂದದ್ದನ್ನೂ ಸೇರಿಸಿ.

ಹೋದ ವರ್ಷ ಬೆಳಗಾವಿಯ ಒಂದು ಫೌಂಡ್ರಿಯ ಮಾಲೀಕರು ಬಂದರು. ಎಸ್‌ಜಿ ಐರನ್ ಕಾಸ್ಟಿಂಗ್, ಅಂದರೆ ಒಂದು ಬಗೆಯ ಎರಕದ ಕಬ್ಬಿಣದ ಭಾಗಗಳನ್ನು ಮಾಡುತ್ತಾರೆ. ಕೊಯಮತ್ತೂರಿನ ಪಂಪ್ ಕಂಪನಿಗಳಿಗೆ ಬರೆಯಬೇಕಿತ್ತು. ಅಲ್ಲಿವರೆಗೆ ಅವರು ಹಾಕುತ್ತಿದ್ದ ಸಬ್ಜೆಕ್ಟ್: ‘ಬ್ಯುಸಿನೆಸ್ ಪ್ರಪೋಸಲ್ ಫ್ರಮ್ ಲೀಡಿಂಗ್ ಮ್ಯಾನುಫ್ಯಾಕ್ಚರರ್’. ಇದರಲ್ಲಿ ಸುಳ್ಳಿದೆ ಅಂತ ಹೇಳುವುದೂ ಕಷ್ಟ, ಯಾಕಂದರೆ ಇದರಲ್ಲಿ ಏನೂ ಇಲ್ಲ. ಬೋಲ್ಟ್ ಮಾಡುವವರೂ ಇದನ್ನೇ ಹಾಕುತ್ತಾರೆ, ರಟ್ಟಿನ ಪೆಟ್ಟಿಗೆ ಮಾಡುವವರೂ ಇದನ್ನೇ ಹಾಕುತ್ತಾರೆ.

ಕೂತು ಒಂದೊಂದೇ ಕೇಳಿದೆ. ಯಾವ ಗ್ರೇಡು? 400/15, 500/7. ತೂಕ? ‘ನೂರು ಕೆಜಿ ತನಕ ಹಾಕ್ರಿ ಸರ.’ ನಿಮ್ಮ ಫರ್ನೇಸಿನಲ್ಲಿ ಅಷ್ಟು ಆಗುತ್ತದಾ? ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಮ್ಮಲ್ಲಿ ನಲವತ್ತರ ತನಕ ಆಗ್ತೈತ್ರಿ. ಅದರ ಮ್ಯಾಲಿಂದು ಬಂದ್ರ ಬಾಜೂದವ್ರ ಕಡಿಂದ ಮಾಡಸ್ತೀವಿ.’

ನಲವತ್ತು ಅಂತಲೇ ಹಾಕೋಣ ಅಂದೆ. ಅವರಿಗೆ ಇಷ್ಟವಾಗಲಿಲ್ಲ. ದೊಡ್ಡ ಆರ್ಡರ್ ಕೈತಪ್ಪಿದರೆ? ಆದರೆ ಲೆಕ್ಕ ಹಾಕಿ ನೋಡಿ. ನೂರು ಅಂತ ಬರೆದರೆ ತೊಂಬತ್ತು ಕೆಜಿಯ ಡ್ರಾಯಿಂಗ್ ಬರುತ್ತದೆ. ರೇಟ್ ಕೊಡುವುದಕ್ಕೆ ಬಾಜೂದವರನ್ನು ಕೇಳಬೇಕು. ಒಂದು ವಾರ ಹೋಗುತ್ತದೆ. ಆಮೇಲೆ ಕೊಯಮತ್ತೂರಿನವರು ಫ್ಯಾಕ್ಟರಿ ನೋಡಲು ಬರುತ್ತೇವೆ ಅನ್ನುತ್ತಾರೆ. ಅವತ್ತು ಏನು ತೋರಿಸುತ್ತೀರಿ? ಸಬ್ಜೆಕ್ಟ್ ಲೈನಿನ ಅರ್ಧ ಕೆಲಸ ಸರಿಯಾದವರನ್ನು ಕರೆಯುವುದಾದರೆ, ಇನ್ನರ್ಧ ಕೆಲಸ ‘ಇದು ನನಗಲ್ಲ’ ಅಂತ ಉಳಿದವರಿಗೆ ಒಂದು ಕ್ಷಣದಲ್ಲಿ ತಿಳಿಸುವುದು. ಅವರ ಸಮಯವೂ ಉಳಿಯಿತು, ನಮ್ಮದೂ ಉಳಿಯಿತು.

ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತರುವುದು ನನ್ನ ಅಭ್ಯಾಸ. ಮಾಲೀಕರಿಗೂ ತಾವು ಏನು ಒಪ್ಪಿಕೊಳ್ಳುತ್ತಿದ್ದೇವೆ ಅನ್ನುವುದು ಸ್ಪಷ್ಟವಾಗಿರುತ್ತದೆ. ಆ ದಿನ ಮೊದಲು ಬರೆದದ್ದು ‘ಪಂಪ್ ಬಾಡಿಗೆ ಕಾಸ್ಟಿಂಗ್’. ಓದಿ ಇಬ್ಬರೂ ನಕ್ಕೆವು. ಪಂಪ್ ಬಾಡಿಗೆಗೆ ಕೊಡುವವರು ಅಂದುಕೊಂಡಾರು! ಬಾಡಿ ಹೋಗಿ ಕೇಸಿಂಗ್ ಬಂತು. ಕೊನೆಗೆ ನಿಂತದ್ದು ಇದು:

‘ಪಂಪ್ ಕೇಸಿಂಗ್: ಎಸ್‌ಜಿ ಐರನ್ ಕಾಸ್ಟಿಂಗ್, 2–40 ಕೆಜಿ, ಬೆಳಗಾವಿ’

ಇದರಲ್ಲಿ ಕುತೂಹಲ ಹುಟ್ಟಿಸುವಂಥದ್ದು ಏನೂ ಇಲ್ಲ. ಕೊಯಮತ್ತೂರಿನ ಯಾವುದೋ ಪರ್ಚೇಸ್ ಮೇಜಿನಲ್ಲಿ ಕೂತವರು ಕಣ್ಣಾಡಿಸಿದರೆ ಯಾವ ಫೈಲಿಗೆ ಹಾಕಬೇಕು ಅಂತ ಗೊತ್ತಾಗುತ್ತದೆ. ಇವತ್ತು ಬೇಡವಾದರೂ ಮೂರು ತಿಂಗಳ ನಂತರ ಕಾಸ್ಟಿಂಗ್ ಅಂತ ಹುಡುಕಿದರೆ ಈ ಮೇಲ್ ಸಿಗುತ್ತದೆ. ‘ಬ್ಯುಸಿನೆಸ್ ಪ್ರಪೋಸಲ್’ ಅಂತ ಯಾರು ಹುಡುಕುತ್ತಾರೆ ಹೇಳಿ?

‘ಪಂಪ್ ಕೇಸಿಂಗ್’ ಮೊದಲು ಬಂದಿರುವುದಕ್ಕೂ ಕಾರಣವಿದೆ. ಮೊಬೈಲಿನಲ್ಲಿ ಸಾಲಿನ ಬಾಲ ಕತ್ತರಿಸಿ ಹೋಗುತ್ತದೆ. ಓದುವವರ ವಸ್ತು ಮೊದಲು, ನಮ್ಮ ಊರು ಕೊನೆಗೆ. ಕಂಪನಿಯ ಹೆಸರು ಕಳಿಸಿದವರ ಜಾಗದಲ್ಲಿ ಹೇಗೂ ಕಾಣುತ್ತದೆ, ಮತ್ತೆ ಹಾಕಿ ಜಾಗ ತಿನ್ನಬೇಡಿ.

ಇನ್‌ಬಾಕ್ಸಿನಲ್ಲಿ ಸಬ್ಜೆಕ್ಟಿನ ಪಕ್ಕದಲ್ಲೋ ಕೆಳಗೋ ಮೇಲ್‌ನ ಮೊದಲ ಸಾಲೂ ಮಸುಕಾಗಿ ಕಾಣುತ್ತದೆ. ಹೆಚ್ಚಿನವರು ಆ ಜಾಗವನ್ನು ‘ಹೋಪ್ ದಿಸ್ ಮೇಲ್ ಫೈಂಡ್ಸ್ ಯು ವೆಲ್’ಗೆ ಬಿಟ್ಟುಕೊಡುತ್ತಾರೆ. ನಮ್ಮ ಅಜ್ಜಂದಿರು ಪತ್ರದ ತಲೆಯಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಅಂತ ಬರೆಯುತ್ತಿದ್ದರು. ಅದರಲ್ಲಿ ಒಂದು ಅಕ್ಕರೆ ಇತ್ತು, ಬರೆದವರು ಯಾರು ಅಂತ ಓದುವವರಿಗೆ ಗೊತ್ತಿತ್ತು. ಗುರುತಿಲ್ಲದವನು ಬಂದು ಕ್ಷೇಮ ವಿಚಾರಿಸಿದರೆ ಏನೋ ಮಾರಲು ಬಂದಿದ್ದಾನೆ ಅಂತಲೇ ಅನಿಸುವುದು. ನಾವು ಅಲ್ಲಿ ಹಾಕಿದ್ದು: ‘ನಿಮ್ಮ ಡ್ರಾಯಿಂಗ್ ಕಳಿಸಿದರೆ ನಾಲ್ಕು ದಿನದಲ್ಲಿ ರೇಟ್ ಕೊಡುತ್ತೇವೆ.’ ನಾಲ್ಕು ದಿನ ಅನ್ನುವುದನ್ನೂ ಮಾಲೀಕರನ್ನು ಎರಡು ಸಲ ಕೇಳಿಯೇ ಹಾಕಿದ್ದು.

ಹೆಸರು ಹಿಡಿದು ಕರೆಯುವುದರ ಬಗ್ಗೆ ಒಂದು ಮಾತು. ಸಬ್ಜೆಕ್ಟಿನಲ್ಲಿ ಓದುವವರ ಹೆಸರಿದ್ದರೆ ಆಪ್ತವಾಗಿರುತ್ತದೆ ಅಂತ ಸಾಫ್ಟ್‌ವೇರ್ ಮಾರುವವರು ಹೇಳುತ್ತಾರೆ. ನಮ್ಮ ಕಡೆಯ ಹೆಸರುಗಳು ಆ ಸಾಫ್ಟ್‌ವೇರ್‌ಗೆ ಅರ್ಥವಾಗುವುದಿಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ. ಪಟ್ಟಿಯಿಂದ ಮೊದಲ ಹೆಸರನ್ನು ಎತ್ತಿಕೊಳ್ಳಲು ಹೇಳಿದರೆ ಅದು ಮೊದಲ ಅಕ್ಷರವನ್ನು ಎತ್ತಿಕೊಳ್ಳುತ್ತದೆ. ‘ಹೆಚ್, ನಿಮಗೊಂದು ಪ್ರಶ್ನೆ’ ಅನ್ನುವ ಮೇಲ್ ಹಿರಿಯರೊಬ್ಬರಿಗೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ಅರವತ್ತು ದಾಟಿದವರು, ಹೆಚ್ ಅನ್ನಿಸಿಕೊಂಡು ಏನು ಆಪ್ತರಾಗುತ್ತಾರೆ?

‘ಇಂಥವರು ಹೇಳಿದರು’ ಅಂತ ಸಬ್ಜೆಕ್ಟಿನಲ್ಲಿ ಹಾಕುವುದಾದರೆ ಅವರು ನಿಜವಾಗಿ ಹೇಳಿರಬೇಕು. ಹೆಸರು ಹಾಕಿಕೊಳ್ಳಲಾ ಅಂತ ಅವರನ್ನು ಕೇಳಿರಲೂಬೇಕು. ‘ಅರ್ಜೆಂಟ್’ ಅಂದರೆ ಯಾರಿಗೆ ಅರ್ಜೆಂಟು? ನಮಗೆ. ತೆಗೆಯಿರಿ. ಇನ್‌ವಾಯ್ಸ್, ಪೇಮೆಂಟ್ ಅನ್ನುವ ಪದಗಳನ್ನು ಆಮಿಷಕ್ಕೆ ಬಳಸುವುದಂತೂ ನೇರ ವಂಚನೆ. ಅಕೌಂಟ್ಸ್ ಹುಡುಗಿ ಗಾಬರಿಯಾಗಿ ಬಿಚ್ಚುತ್ತಾಳೆ ಅಂತ ಗೊತ್ತಿದ್ದೇ ಮಾಡುವ ಕೆಲಸ ಅದು.

ಹೊರದೇಶಕ್ಕೆ ಬರೆಯುವವರಿಗೆ ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾನೂನು 2003ರದು. ದಾರಿ ತಪ್ಪಿಸುವ ಸಬ್ಜೆಕ್ಟ್ ಅಲ್ಲಿ ಕಾನೂನುಬಾಹಿರ. ಕಂಪನಿಯಿಂದ ಕಂಪನಿಗೆ ಹೋಗುವ ಮೇಲ್‌ಗೂ ಅದು ಅನ್ವಯಿಸುತ್ತದೆ. ಮೇಲ್‌ನಲ್ಲಿ ನಿಮ್ಮ ಅಂಚೆ ವಿಳಾಸ ಇರಬೇಕು, ಬೇಡ ಅಂದವರಿಗೆ 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಜರ್ಮನಿ ಇನ್ನೂ ಬಿಗಿ. ಕಂಪನಿಗೆ ಮಾರಾಟದ ಮೇಲ್ ಕಳಿಸಬೇಕಾದರೂ ಮೊದಲೇ ಒಪ್ಪಿಗೆ ಬೇಕು. ಅಲ್ಲಿಗೆ ಕಳಿಸಬೇಕು ಅಂತ ಬಂದವರಿಗೆ ನಾನು ಮೇಲ್ ಬರೆದುಕೊಡುವುದಿಲ್ಲ, ವ್ಯಾಪಾರ ಮೇಳಕ್ಕೆ ಹೋಗಿ ಅನ್ನುತ್ತೇನೆ. ನಮ್ಮಲ್ಲಿ ಮಾರಾಟದವರ ಕಾಟ ಬೇಡ ಅಂತ ನೋಂದಾಯಿಸುವ, ಟೆಲಿಕಾಂ ನಿಯಂತ್ರಕ ಟ್ರಾಯ್‌ನ ಡಿಎನ್‌ಡಿ ಇರುವುದು ಕರೆಗೆ, ಎಸ್‌ಎಂಎಸ್‌ಗೆ. ಇಮೇಲ್‌ಗೆ ಇಲ್ಲ. ಹಾಗಂತ ಜಿಮೇಲ್ ಸುಮ್ಮನಿರುವುದಿಲ್ಲ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದೆ. ಸ್ಪ್ಯಾಮ್ ಅಂತ ಒತ್ತಿದವರ ಪ್ರಮಾಣ 0.3 ಶೇಕಡಾ ಮುಟ್ಟಬಾರದು. ಅಂದರೆ ಸಾವಿರಕ್ಕೆ ಮೂರು ಜನ. ಫೌಂಡ್ರಿಯವರು ಅಷ್ಟೆಲ್ಲ ಕಳಿಸುವವರಲ್ಲ. ಆದರೂ ನಾಲ್ಕು ಜನ ಮೋಸ ಹೋದೆವು ಅಂತ ಸ್ಪ್ಯಾಮ್ ಒತ್ತಿದರೆ ಅವರ ಡೊಮೇನಿಗೆ, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಭಾಗಕ್ಕೆ, ಕೆಟ್ಟ ಹೆಸರು ಬರುತ್ತದೆ. ಆಮೇಲೆ ಹಳೆಯ ಗಿರಾಕಿಗೆ ಕಳಿಸಿದ ನಿಜವಾದ ಇನ್‌ವಾಯ್ಸೂ ಸ್ಪ್ಯಾಮ್‌ಗೆ ಬೀಳಬಹುದು.

ಬೆಳಗಾವಿಯವರದು ಹನ್ನೊಂದು ಮೇಲ್. ಎಲ್ಲವನ್ನೂ ಒಂದೊಂದಾಗಿ ಕಳಿಸಿದೆವು, ಪ್ರತಿ ಕಂಪನಿ ಯಾವ ಪಂಪ್ ಮಾಡುತ್ತದೆ ಅಂತ ನೋಡಿಕೊಂಡು. ಸಬ್‌ಮರ್ಸಿಬಲ್ ಮಾಡುವವರಿಗೆ ‘ಕೇಸಿಂಗ್’ ಬದಲು ಅವರ ಭಾಗದ ಹೆಸರು ಹಾಕಿದೆವು. ಹತ್ತು ದಿನದ ನಂತರ ಅದೇ ಮೇಲ್ ಮೇಲೆ ಎರಡು ಸಾಲಿನ ನೆನಪೋಲೆ. ಈ ಸಲ ‘ರೀ:’ ನಿಜವಾದದ್ದು, ಹಿಂದಿನ ಪತ್ರ ಕೆಳಗೇ ಇತ್ತು. ಮೂರನೆಯದನ್ನು ಕಳಿಸಲಿಲ್ಲ.

ಮೂರು ಉತ್ತರ ಬಂದವು. ಒಂದು, ಸದ್ಯಕ್ಕೆ ಬೇಡ. ಒಂದರಲ್ಲಿ ಡ್ರಾಯಿಂಗ್ ಇತ್ತು, 22 ಕೆಜಿಯದ್ದು. ಮೂರನೆಯವರು ಒಂದೇ ಸಾಲು ಬರೆದಿದ್ದರು: ಮಷಿನಿಂಗ್ ಮಾಡಿ ಕೊಡುತ್ತೀರಾ, ಬರೀ ಕಾಸ್ಟಿಂಗಾ? ಮಾಲೀಕರಿಗೆ ಫೋನ್ ಮಾಡಿದೆ. ‘ಬರೇ ಕಾಸ್ಟಿಂಗ್ ಸರ’ ಅಂದರು. ಮತ್ತೆ ತಾವೇ ಅಂದರು, ‘ಅದನ್ನೂ ಸಬ್ಜೆಕ್ಟಿನ್ಯಾಗ ಹಾಕಿಬಿಡ್ರಿ.’