ಆ ದಿಂಬು ತೆಗೀರಿ

ಕಾಲು ತೆಗೆಸಿಕೊಂಡವರ ಮನೆಗೆ ಹೋದರೆ ಮೊದಲು ನನ್ನ ಕಣ್ಣು ಹುಡುಕುವುದು ದಿಂಬನ್ನು. ಬಹಳ ಮನೆಗಳಲ್ಲಿ ಅದು ಸ್ಟಂಪಿನ, ಅಂದರೆ ತೆಗೆದ ಮೇಲೆ ಉಳಿದ ಮೊಂಡು ಕಾಲಿನ, ಕೆಳಗೇ ಇರುತ್ತದೆ. ಇಟ್ಟವರು ಹೆಂಡತಿಯೋ, ಸೊಸೆಯೋ. ಪ್ರೀತಿಯಿಂದಲೇ ಇಟ್ಟಿರುತ್ತಾರೆ. ಹಾಗಾಗಿ ಬೈಯೋಕೂ ಆಗಲ್ಲ.

ಹಾಸನದ ಕಡೆಯ ಒಬ್ಬ ರೈತರು. ಶುಗರ್ ಇತ್ತು, ಅಂಗಾಲಿನ ಗಾಯ ಮಾಯಲಿಲ್ಲ, ಮೊಣಕಾಲಿನ ಕೆಳಗೆ ತೆಗೆದರು. ಮೊಣಕಾಲು ಉಳಿಯಿತು ಅಂತ ನಮಗೆಲ್ಲ ಖುಷಿ. ಏಕೆಂದರೆ ಮೊಣಕಾಲಿನ ಮೇಲೆ ತೆಗೆದವರು ಕೃತಕ ಕಾಲಿನಲ್ಲಿ ನಡೆಯಲು ಬಹಳ ಜಾಸ್ತಿ ಶಕ್ತಿ ಖರ್ಚು ಮಾಡಬೇಕು, ಕೆಳಗೆ ತೆಗೆದವರಿಗೆ ಅಷ್ಟು ಕಷ್ಟವಿಲ್ಲ. ಎರಡು ತಿಂಗಳು ಬಿಟ್ಟು ಬಂದರು. ಮೊಣಕಾಲು ಮಡಚಿಕೊಂಡೇ ಇತ್ತು. ನೀಟಲು ಹೋದರೆ ಮರದ ಕೊಂಬೆ ಬಗ್ಗಿಸಿದ ಹಾಗೆ. "ಎರಡು ತಿಂಗಳು ಏನು ಮಾಡಿದ್ರಿ ಯಜಮಾನ್ರೇ?" ಅಂದೆ. "ರೆಸ್ಟ್ ತಗೊಂಡೆ ಸಾರ್. ಕಾಲು ಬಂದ್ಮೇಲೆ ನಡೆಯೋದು ಇದ್ದೇ ಇದೆಯಲ್ಲ," ಅಂದರು. ಉಳಿದಿದ್ದ ಮೊಣಕಾಲನ್ನು ದಿಂಬು ತಿಂದುಹಾಕಿತ್ತು.

ಇದೊಂದನ್ನು ನಿಧಾನವಾಗಿ ಹೇಳುತ್ತೇನೆ. ಕೀಲನ್ನು ಮಡಚುವ ಸ್ನಾಯು, ಮಡಚಿದ ಸ್ಥಿತಿಯಲ್ಲೇ ವಾರಗಟ್ಟಲೆ ಇದ್ದರೆ ಗಿಡ್ಡವಾಗುತ್ತದೆ. ಕೀಲಿನ ಸುತ್ತಲಿನ ಪೊರೆಯೂ ಬಿಗಿಯುತ್ತದೆ. ಮೊದಲಾದರೆ ಕಾಲು ನೆಲಕ್ಕೆ ಊರಿ ನಿಂತಾಗಲೆಲ್ಲ ಅದು ತಾನಾಗಿ ಎಳೆದು ನೇರವಾಗುತ್ತಿತ್ತು. ಈಗ ಊರೋಕೆ ಪಾದವೇ ಇಲ್ಲ. ತೊಡೆಯಲ್ಲಿ ತೆಗೆದವರಿಗೆ ಸೊಂಟದ ಕೀಲಿನಲ್ಲಿ ಇದೇ ಕಥೆ. ಆಮೇಲೆ ಕೃತಕ ಕಾಲು ಕಟ್ಟಿದರೆ ಮೈ ಮುಂದಕ್ಕೆ ಬಾಗುತ್ತದೆ, ನಡು ನೋಯುತ್ತದೆ. ಸ್ವಲ್ಪ ಬಿಗಿತವಿದ್ದರೆ ಕಾಲು ಮಾಡುವವರು ಜೋಡಣೆಯಲ್ಲೇ ಹೊಂದಿಸಿಕೊಡುತ್ತಾರೆ. ಜಾಸ್ತಿಯಾದರೆ ಅವರೂ ಕೈಚೆಲ್ಲುತ್ತಾರೆ. 1968ರ ಸುಮಾರಿಗೆ ಡಾ. ಪ್ರಮೋದ್ ಕರಣ್ ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರೂಪಿಸಿದ ಜೈಪುರ ಕಾಲು ನಮ್ಮವರಿಗೆ ಹೇಳಿ ಮಾಡಿಸಿದ್ದು. ಬರಿಗಾಲಲ್ಲಿ ನಡೆಯಬಹುದು, ಗದ್ದೆಗೆ ಇಳಿಯಬಹುದು. ಆದರೆ ಮೊಂಡುಬಿದ್ದ ಮೊಣಕಾಲನ್ನು ಅದು ನೇರ ಮಾಡಿಕೊಡುವುದಿಲ್ಲ.

"ಹಾಗಾದ್ರೆ ಊತಕ್ಕೆ?" ಅಂತ ಕೇಳುತ್ತಾರೆ. ಮೊದಲ ದಿನಗಳಲ್ಲಿ ಊತ ಇದ್ದರೆ ಮಂಚದ ಕಾಲ್ದೆಸೆಯ ಎರಡು ಕಾಲಿಗೆ ಇಟ್ಟಿಗೆ ಕೊಡಿ. ಇಡೀ ಕಾಲು ನೇರವಾಗಿಯೇ ಎತ್ತರವಾಗುತ್ತದೆ. ವೀಲ್‌ಚೇರಿನಲ್ಲಿ ಸ್ಟಂಪ್ ಜೋತು ಬೀಳದ ಹಾಗೆ ಕೆಳಗೊಂದು ಹಲಗೆ ಕೊಡಿ. ಜಗಲಿ ಮೇಲೆ ಬೆಳಗಿನಿಂದ ಸಂಜೆವರೆಗೆ ಮೊಣಕಾಲು ಮಡಚಿ ಕೂರುವುದೂ ದಿಂಬಿನ ಅಣ್ಣನೇ.

ಮತ್ತೆ ಬೋರಲು ಮಲಗುವುದು. ದಿನಕ್ಕೆ ಎರಡು ಮೂರು ಸಲ, ಇಪ್ಪತ್ತು ನಿಮಿಷದಷ್ಟು, ಸ್ಟಂಪ್ ನೇರವಾಗಿಟ್ಟು. ಮೊದಲು ಐದೇ ನಿಮಿಷ ಆದರೂ ಸರಿ. ಹೃದಯದ ತೊಂದರೆ, ಉಬ್ಬಸ ಇದ್ದವರು, ಹೊಲಿಗೆ ಇನ್ನೂ ಹಸಿ ಇರುವವರು ಸರ್ಜನ್‌ರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಅಂಥವರಿಗೆ ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇರೆ ಇದೆ. ಶುಗರ್ ಇರುವವರು ಇನ್ನೊಂದು ಪಾದವನ್ನು ದಿನಾ ನೋಡಿಕೊಳ್ಳಿ, ಈಗ ಭಾರವೆಲ್ಲ ಅದರ ಮೇಲೇ ಅಲ್ವಾ?

ಬೋರಲು ಮಲಗೋದು ಬೇಜಾರು ಎಂದು ಎಲ್ಲರೂ ಗೊಣಗುತ್ತಾರೆ, ನಿಜ. ಆ ಹಾಸನದ ಯಜಮಾನರೂ ಗೊಣಗಿದರು. ಕೊನೆಗೆ ಮೊಮ್ಮಗಳು ಚಾಪೆ ಹಾಸಿ, ಎದುರಿಗೆ ಚೌಕಾಬಾರದ ಮನೆ ಬರೆದಳು. ಅಜ್ಜ ಬೋರಲು ಮಲಗಿಯೇ ಕವಡೆ ಹಾಕಬೇಕು, ಎದ್ದರೆ ಸೋತ ಹಾಗೆ. ಮೂರು ತಿಂಗಳಿಗೆ ಕಾಲಿನ ಅಳತೆ ಕೊಡುವಷ್ಟು ಮೊಣಕಾಲು ನೀಟಿತು. ಪೂರ್ತಿ ಅಲ್ಲ. ಆಟದಲ್ಲಿ ಅವಳು ಮೋಸ ಮಾಡುತ್ತಾಳೆ ಅಂತ ನನಗೆ ದೂರು ಹೇಳೋದನ್ನು ಮಾತ್ರ ಅವರು ಇನ್ನೂ ಬಿಟ್ಟಿಲ್ಲ.